ತೋಳಿನಿಂದ ತೋಳಿಗೆ: ದಾಕಿನ ಚರಿತ್ರೆಯೂ ಗಡಿನಾಡಿನ ಶಾಲೆಯೂ

ಅರಸರ ದಂಡಯಾತ್ರೆಗಳನ್ನು ವಿವರಿಸುವಷ್ಟು ಆಸ್ಥೆಯಿಂದ ಮಕ್ಕಳ ಸಾವನ್ನು ತಡೆದ ಪ್ರಯತ್ನಗಳನ್ನು ನಮ್ಮ ಚರಿತ್ರೆಕಾರರು ವಿವರಿಸಿದ್ದು ಕಡಮೆ. ಸಿಡುಬನ್ನು ‘ಅಮ್ಮ’ನೆಂದು ಕರೆದ ನಮ್ಮ ಹಿರಿಯರು ಅದನ್ನು ತಡೆಯುವ ದಾಕನ್ನೂ ‘ದೇವಿ ಹಾಕಿಸುವುದು’ ಎಂದೇ ಕರೆದರು. ಹೊಸದನ್ನು ಅವರು ಪರಿಚಿತವಾದ ನಂಬಿಕೆಯ ಬಾಗಿಲಿನಿಂದಲೇ ಒಳಕ್ಕೆ ಕರೆದುಕೊಂಡರೆಂಬುದಕ್ಕೆ ಈ ಮಾತೇ ಸಾಕ್ಷಿ.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಆ ರಸವು ದೀರ್ಘವಾದ ಸಮುದ್ರಯಾನದ ತಾಪದಲ್ಲಿ ಕೆಡುತ್ತಿದ್ದಿತು. ಕಡೆಗೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಅದು ಮುಂಬಯಿಯನ್ನು ಸೇರಿತು. 1802ರ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಿಕೆಗೆ ದಾಕು ಹತ್ತಿತು. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟನೆಯ ದಿನ ಮತ್ತೊಂದು ಮಗುವಿನ ತೋಳಿಗೆ ಹಾಕುವುದು ಅಂದಿನ ಕ್ರಮ. ಸಕಾಲದಲ್ಲಿ ಮುಂದಿನ ಮಗು ಬಾರದಿದ್ದರೆ ಸರಪಳಿಯೇ ಕಡಿದುಹೋಗುತ್ತಿದ್ದಿತು. ಹೀಗೆ ಮಕ್ಕಳ ತೋಳುಗಳ ಮೇಲೆಯೇ ಪ್ರಯಾಣಮಾಡಿ ದಾಕು ಅದೇ ವರ್ಷ ಮದರಾಸನ್ನೂ ಕಲ್ಕತ್ತೆಯನ್ನೂ ತಲಪಿತು.

ಮೈಸೂರಿನಲ್ಲಿ ಈ ಕಾರ್ಯಕ್ಕೆ ಅರಮನೆಯೇ ಮೇಲ್ಪಂಕ್ತಿಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡುದನ್ನು ಕಂಡು ಇತರರೂ ಮುಂದೆ ಬಂದರೆಂದು 1806ರ ದಾಖಲೆಯಿಂದ ತಿಳಿಯುತ್ತದೆ. ತಾಮಸ್ ಹಿಕಿ ಸುಮಾರು 1805ರಲ್ಲಿ ಬರೆದ ಚಿತ್ರವೊಂದರಲ್ಲಿ ಸೆರಗು ಸರಿಸಿ ತೋಳನ್ನು ತೋರುತ್ತಿರುವ ತರುಣಿ ಆಕೆಯೇ ಎಂದು ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಸಾವಿರ ಡಂಗುರಗಳಿಗಿಂತ ಪರಿಚಿತರೊಬ್ಬರ ತೋಳು ಹೆಚ್ಚು ಮಾತನಾಡುತ್ತದೆ.

ತರುವಾಯದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಕರುವಿನ ಮೈಯಿಂದ ರಸ ತೆಗೆಯುವ ಕ್ರಮ ಬಂದು ತೋಳಿನ ಸರಪಳಿ ನಿಂತಿತು. ಬಡಗರ ನಾಡಾದ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ ಆರಂಭವಾದ ಪಾಶ್ಚರ್ ಸಂಸ್ಥೆಯು ಮುಂದೆ ಮಕ್ಕಳ ಲಸಿಕೆಗಳನ್ನೂ ತಯಾರಿಸಿತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡುದು 1975ರಲ್ಲಿ. ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂಬ ಘೋಷಣೆ ಹೊರಟುದು 1980ರಲ್ಲಿ. ಸಾರ್ವತ್ರಿಕ ಲಸಿಕೆ ಕಾರ್ಯಕ್ರಮವು 1985ರಲ್ಲಿ ಮೊದಲಾಯಿತು. 2014ರಲ್ಲಿ ಭಾರತಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ಆದರೆ ಗಡಿನಾಡಿನವರಾದ ನಾವು ಇನ್ನೊಂದು ಸಂಗತಿಯನ್ನು ಮರೆಯಲಾಗದು. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ಕರ್ನಾಟಕ, ತಮಿಳುನಾಡು, ಗೋವೆಗಳಲ್ಲಿ 2017ರ ಫೆಬ್ರವರಿಯಲ್ಲಿ ನಡೆಯಿತು, ಆಂಧ್ರ, ತೆಲಂಗಾಣಗಳಲ್ಲಿ ಆಗಸ್ಟಿನಲ್ಲಿ, ಕೇರಳದಲ್ಲಿ ಅಕ್ಟೋಬರಿನಲ್ಲಿ, ಮಹಾರಾಷ್ಟ್ರದಲ್ಲಿ 2018ರ ನವೆಂಬರಿನಲ್ಲಿ. ರೋಗಕ್ಕೆ ಗಡಿಯಿಲ್ಲ, ದಾಖಲೆ ಪುಸ್ತಕಕ್ಕೆ ಉಂಟು. ದಡಾರವನ್ನು ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗಾದರೂ ಎರಡು ಸಲ ಲಸಿಕೆ ಆಗಿರಬೇಕು. ಮೊದಲನೆಯದು ಒಂಬತ್ತು ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಈ ನಡುವೆ ಕೂಲಿಗಾಗಿಯೋ ತವರಿಗೆಂದೋ ತಾಯಿ ಗಡಿ ದಾಟಿದರೆ ಎರಡನೆಯದು ತಪ್ಪಿಹೋಗುವುದು ಸುಲಭ. ಅಂದು ತೋಳಿನ ಸರಪಳಿ ಕಡಿಯುತ್ತಿದ್ದಂತೆಯೇ ಇಂದು ರಕ್ಷೆಯ ಸರಪಳಿ ಕಡಿಯುವುದು ಇಲ್ಲಿ.

ಇದನ್ನು ಬೆಸೆಯಬಲ್ಲವರಲ್ಲಿ ಉಪಾಧ್ಯಾಯರೂ ಒಬ್ಬರು. ಐದಾರು ವರ್ಷದ ಡಿ.ಪಿ.ಟಿ. ಚುಚ್ಚುಮದ್ದಿನ ಕಾಲವೂ ಶಾಲೆಗೆ ಸೇರುವ ಕಾಲವೂ ಒಂದೇ. 10 ಮತ್ತು 16ನೆಯ ವರ್ಷದ ಟಿ.ಡಿ. ಲಸಿಕೆಗೆ ಬರುವ ಮಕ್ಕಳೂ ನಮ್ಮ ತರಗತಿಗಳಲ್ಲಿಯೇ ಇರುತ್ತಾರೆ. ಪ್ರವೇಶದ ದಿನ ಜನನಪತ್ರದೊಡನೆ ಲಸಿಕೆಯ ಚೀಟಿಯನ್ನೂ ಕೇಳಿ ನೋಡೋಣ. ಪರಭಾಷೆಯಲ್ಲಿರುವ ಆ ಚೀಟಿಯನ್ನು ಕನ್ನಡದ ತಾಯಿಗೆ ಓದಿ ಹೇಳೋಣ. ಚೀಟಿ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸದೆ, ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸೋಣ. ಗಾಳಿಮಾತಿಗೆ ಹೆದರಿದ ತಂದೆತಾಯಿಗಳನ್ನು ಜರೆಯದೆ ಅವರ ಸಂಶಯಗಳನ್ನು ಕೇಳಿ ಉತ್ತರಿಸೋಣ. ಅಂದು ರಾಣಿಯ ತೋಳು ಮಾಡಿದ ಕೆಲಸವನ್ನು ಇಂದು ಊರಿನ ಮೇಷ್ಟರ ಮಾತು ಮಾಡಬಲ್ಲದೆಂಬುದು ನಮ್ಮ ನಂಬಿಕೆ.