ವಾಯುಮಾಲಿನ್ಯ ಮತ್ತು ಇಳಿವಯಸ್ಸಿನ ಖಿನ್ನತೆ

ಕಲುಷಿತ ಗಾಳಿಯನ್ನು ವರ್ಷಾನುಗಟ್ಟಲೆ ಉಸಿರಾಡಿದ ವೃದ್ಧರಲ್ಲಿ ಖಿನ್ನತೆಯೂ ಮರೆಗುಳಿತನವೂ ಹೆಚ್ಚಾಗಿ ಕಂಡುಬರುತ್ತವೆ. ಮುಖ್ಯ ಆರೋಪಿ ಪಿಎಂ 2.5: ಡೀಸೆಲ್, ಕಲ್ಲಿದ್ದಲು, ಸೌದೆ ಒಲೆಗಳ ಹೊಗೆಯಲ್ಲಿರುವ, 2.5 ಮೈಕ್ರೊಮೀಟರಿಗಿಂತ ಸಣ್ಣ ಕಣ.

ಇವು ಶ್ವಾಸಕೋಶದಲ್ಲಿ ಎಬ್ಬಿಸುವ ಉರಿಯೂತದ ಪರಿಣಾಮ ರಕ್ತದ ಮೂಲಕ ಮಿದುಳನ್ನೂ ಮುಟ್ಟುತ್ತದೆ. ಅತಿಸೂಕ್ಷ್ಮ ಕಣಗಳಿಗೆ ಘ್ರಾಣನರದ ಒಳದಾರಿಯೂ ಇದೆಯೆನ್ನುತ್ತಾರೆ. 2016ರಲ್ಲಿ ಮೆಕ್ಸಿಕೊ ನಗರ ಹಾಗೂ ಮ್ಯಾಂಚೆಸ್ಟರಿನ ಮೃತರ ಮಿದುಳಿನ ಅಂಗಾಂಶದಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳು ಸಿಕ್ಕವು. ಜೀವಕೋಶದಲ್ಲಿ ತಾನಾಗಿ ಹುಟ್ಟುವ ಮ್ಯಾಗ್ನೆಟೈಟ್ ಹರಳಿಗೆ ಮೂಲೆಗಳಿರುತ್ತವೆ. ಮಿದುಳಿನಲ್ಲಿ ಸಿಕ್ಕ ಕಣಗಳಲ್ಲಿ ಬಹುಪಾಲು ಉರುಟು, ಕಾವಿನಲ್ಲಿ ಕರಗಿ ತಣಿದ ಲೋಹದ ಆಕಾರ. ಹೊರಗಿನಿಂದ ಬಂದವು ಎಂಬ ಊಹೆಗೆ ಅದೇ ಆಧಾರ. ಮಿದುಳಿಗೆ ಕಾಯಿಲೆ ತರುವುದು ಇವೇ ಎನ್ನಲು ಅಷ್ಟು ಸಾಲದು.

ಅಮೆರಿಕದ ಮೆಡಿಕೇರ್ ವಿಮೆಯಲ್ಲಿದ್ದ, 64 ದಾಟಿದ ಸುಮಾರು 89 ಲಕ್ಷ ಜನರ ದಾಖಲೆ ಆಧರಿಸಿದ 2023ರ ಅಧ್ಯಯನ ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಓಝೋನ್ ಮೂರಕ್ಕೂ ತಡವಾಗಿ ಶುರುವಾಗುವ ಖಿನ್ನತೆಗೂ ನಂಟು ತೋರಿಸಿತು. ಹೃದಯ, ಶ್ವಾಸಕೋಶದ ತೊಂದರೆ ಮೊದಲೇ ಇದ್ದವರಲ್ಲಿ ಅದು ಇನ್ನೂ ಗಟ್ಟಿ. ಆದರೆ ಹೆದ್ದಾರಿ ಪಕ್ಕದ ಮನೆಗೆ ಹೊಗೆಯೊಂದೇ ಬರುವುದಿಲ್ಲ. ಗದ್ದಲ, ನಿದ್ದೆಗೇಡು, ಬಡತನವೂ ಇರುತ್ತವೆ. ಇವನ್ನು ಪೂರ್ತಿ ಬೇರ್ಪಡಿಸುವುದು ಕಷ್ಟ.

ಮರೆಗುಳಿತನದ ವಿಷಯಕ್ಕೆ ಬಂದರೆ, 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ವಾಯುಮಾಲಿನ್ಯವನ್ನು ಡಿಮೆನ್ಷಿಯಾದ ಅಪಾಯಕಾರಿ ಅಂಶಗಳ ಪಟ್ಟಿಗೆ ಸೇರಿಸಿತು. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೊಗ್ರಾಂ. ಭಾರತದ 2009ರ ಮಾನದಂಡ 40.