ಎಲ್ಲ ಪ್ಲಾಸ್ಟಿಕ್ ಒಟ್ಟಿಗೆ ಕರಗಿಸಿದರೆ ಗಟ್ಟಿ ಬೇಲಿಕಂಬ ಆಗುತ್ತದೆಯೇ?

‘ಮನೆಯ ಹಳೇ ಪ್ಲಾಸ್ಟಿಕ್ಕನ್ನೆಲ್ಲ ಡ್ರಮ್ಮಿನಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯಿರಿ, ಕಲ್ಲಿನಂಥ ಬೇಲಿಕಂಬ ರೆಡಿ’ ಎನ್ನುವ ಬಗೆಯ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರಿಗೆ ಆಸೆ ಹುಟ್ಟುವುದು ಸಹಜ. ಕೊಳೆರೋಗ ತಡೆಯಲು ಕೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ, ಗೊಬ್ಬರದ ಚೀಲ, ಒಡೆದ ಪೈಪು ಎಲ್ಲವೂ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಹೀಗೆ ಹೊಯ್ದ ಕಂಬ ನಿಲ್ಲಬಹುದು. ಆದರೆ ತಂತಿ ಎಳೆದು ಬಿಗಿದಾಗ ಬಿರಿಯುವ ಸಾಧ್ಯತೆಯೇ ಹೆಚ್ಚು.

ಯಾಕೆಂದರೆ ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಕೊಟ್ಟೆ ಪಾಲಿಎಥಿಲೀನ್, ಚೀಲದ ನೇಯ್ಗೆ ಪಾಲಿಪ್ರೊಪಿಲೀನ್. ಎರಡರಲ್ಲೂ ಇರುವುದು ಇಂಗಾಲ, ಜಲಜನಕ ಮಾತ್ರ. ಆದರೂ ಒಂದರೊಳಗೊಂದು ಬೆರೆಯುವುದಿಲ್ಲ. ಚಿಕ್ಕ ಅಣುಗಳು ಸುಲಭವಾಗಿ ಚದುರಿಕೊಳ್ಳುತ್ತವೆ. ಪಾಲಿಮರ್ ಅಣುಗಳು ಸಾವಿರಾರು ಕೊಂಡಿಗಳ ಉದ್ದ ಸರಪಳಿಗಳು, ಅವಕ್ಕೆ ಚದುರುವ ಒಲವು ತೀರಾ ಕಡಿಮೆ. ಅಲ್ಪ ಹೊಂದಾಣಿಕೆ ತಪ್ಪಿದರೂ ತಮ್ಮವರ ಜೊತೆಗೇ ಗುಂಪುಗೂಡುತ್ತವೆ. ಎಷ್ಟೇ ಕಲಕಿ, ಮಜ್ಜಿಗೆಯಲ್ಲಿ ಬೆಣ್ಣೆ ತೇಲಿದ ಹಾಗೆ ಒಂದರ ನಡುವೆ ಇನ್ನೊಂದು ಹನಿಹನಿಯಾಗಿ ಉಳಿಯುತ್ತದೆ. ಆರಿದ ಮೇಲೆ ಆ ಹನಿಗಳ ಅಂಚಿನಲ್ಲಿ ಹಿಡಿತವಿರುವುದಿಲ್ಲ, ಬಿರುಕು ಅಲ್ಲೇ ಓಡುತ್ತದೆ.

ಇದಕ್ಕೆ ಮದ್ದು ಇದೆ. ಎಣ್ಣೆ-ನೀರಿನ ನಡುವೆ ಸಾಬೂನು ನಿಲ್ಲುವಂತೆ, ಒಂದು ಭಾಗ ಈ ಪ್ಲಾಸ್ಟಿಕ್ಕಿಗೂ ಇನ್ನೊಂದು ಭಾಗ ಆ ಪ್ಲಾಸ್ಟಿಕ್ಕಿಗೂ ಹೊಂದುವ ಅಣುವನ್ನು ಸೇರಿಸುತ್ತಾರೆ. ಇದಕ್ಕೆ ಕಂಪ್ಯಾಟಿಬಿಲೈಸರ್ ಎಂದು ಹೆಸರು. ಹನಿಗಳು ಚಿಕ್ಕದಾಗಿಯೇ ಉಳಿಯುತ್ತವೆ, ಅಂಚು ಹೊಲಿದಂತೆ ಕೂಡುತ್ತದೆ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳ ಸಂಶೋಧಕರು ಇಂಥ ಅಣುವನ್ನು ಬರೀ 1% ಸೇರಿಸಿ, ಸುಲಭವಾಗಿ ಒಡೆಯುತ್ತಿದ್ದ ಪಾಲಿಎಥಿಲೀನ್-ಪಾಲಿಪ್ರೊಪಿಲೀನ್ ಮಿಶ್ರಣವನ್ನು ಜಗ್ಗಿದರೂ ಹರಿಯದಂತೆ ಮಾಡಿ ತೋರಿಸಿದರು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಬೆರೆಯದ ಪಾಲಿಮರ್‌ಗಳ ಬಗ್ಗೆ ಸಂಶೋಧನೆ ನಡೆಯುತ್ತದೆ. ಅಂದಹಾಗೆ, ಬೆರೆಯದಿರುವುದು ಯಾವಾಗಲೂ ದೋಷವಲ್ಲ: ಪೆಡಸಾದ ಪಾಲಿಸ್ಟೈರೀನ್‌ನಲ್ಲಿ ಬೇಕೆಂದೇ ರಬ್ಬರ್ ಹನಿಗಳನ್ನು ಕೂರಿಸಿ, ಬಿದ್ದರೂ ಸುಲಭವಾಗಿ ಒಡೆಯದ ಪ್ಲಾಸ್ಟಿಕ್ ತಯಾರಿಸುತ್ತಾರೆ. ಅಲ್ಲೂ ಗುಟ್ಟು ಇರುವುದು ಅಂಚಿನ ಹಿಡಿತದಲ್ಲೇ.

ಡ್ರಮ್ಮಿನಲ್ಲಿ ಇದೊಂದೂ ಆಗುವುದಿಲ್ಲ. ಉಷ್ಣತೆಯ ಲೆಕ್ಕವೂ ಕೂಡುವುದಿಲ್ಲ: ಕೊಟ್ಟೆ ಸುಮಾರು 110 ಡಿಗ್ರಿಗೆ ಕರಗಿದರೆ ಚೀಲಕ್ಕೆ 160 ದಾಟಬೇಕು, ನೀರಿನ ಬಾಟಲಿಗೆ 250ರ ಆಸುಪಾಸು. ಅಷ್ಟು ಕಾಯಿಸುವಾಗ ಒಂದು ತುಂಡು ಪಿವಿಸಿ ಪೈಪು ಸೇರಿದರೂ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಡುತ್ತದೆ. ಬೆಂಕಿ ಹತ್ತಿಕೊಂಡರೆ ಡಯಾಕ್ಸಿನ್‌ಗಳೂ ಹುಟ್ಟಬಹುದು. ಫಾರ್ವರ್ಡ್‌ನಲ್ಲಿ ನಮಗೆ ಹೆಚ್ಚು ಆತಂಕ ತಂದದ್ದು ಇದೇ.

ಗುಜರಿಗೆ ಕೊಡುವಾಗ ಕೊಟ್ಟೆ, ಚೀಲ, ಪೈಪು ಬೇರೆ ಬೇರೆ ಕಟ್ಟಿಡಿ. ತ್ರಿಕೋನದ ಗುರುತಿದ್ದರೆ ಅದರೊಳಗಿನ ಅಂಕಿ ನೋಡಿ: 2 ಮತ್ತು 4 ಪಾಲಿಎಥಿಲೀನ್, 5 ಪಾಲಿಪ್ರೊಪಿಲೀನ್, 3 ಪಿವಿಸಿ. ಗುರುತಿಲ್ಲದ ಗಟ್ಟಿ ತುಂಡನ್ನು ಬಕೆಟ್ ನೀರಿಗೆ ಹಾಕಿ. ಪಿವಿಸಿ ಮುಳುಗುತ್ತದೆ, ಉಳಿದೆರಡು ತೇಲುತ್ತವೆ.