ಹೊಸ್ತಿಲಲ್ಲಿ ನಿಂತ ಉತ್ತರ

ಕೆಲವು ವರ್ಷಗಳ ಹಿಂದೆ, ಹಳೆಯ ಕನ್ನಡ ಪುಸ್ತಕಗಳ ಪಟ್ಟಿಯೊಂದನ್ನು ನನ್ನ ಪುಟದಲ್ಲಿ ತೋರಿಸಲು ಹೊರಟಿದ್ದೆ. ಪಟ್ಟಿ ಇದ್ದದ್ದು ಬೇರೆಯವರ ಜಾಲತಾಣದಲ್ಲಿ. ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಬರೆದು ಕೋರಿಕೆ ಕಳಿಸಿದೆ. ಪುಟ ಖಾಲಿಯೇ ಉಳಿಯಿತು. ಬ್ರೌಸರ್‌ನ ನೆಟ್‌ವರ್ಕ್ ವಿಭಾಗ ತೆರೆದು ನೋಡಿದರೆ ಅಚ್ಚರಿ: ಕೋರಿಕೆ ಹೋಗಿತ್ತು, ಉತ್ತರವೂ ಬಂದಿತ್ತು. ಬ್ರೌಸರ್ ಅದನ್ನು ನನ್ನ ಕೋಡಿನ ಕೈಗೆ ಕೊಟ್ಟಿರಲಿಲ್ಲ, ಅಷ್ಟೆ.

ಬ್ರೌಸರ್‌ನ ಈ ಕಾವಲನ್ನೇ ತೆಗೆದುಹಾಕುವ ಉಪಾಯವೊಂದಿದೆ ಎಂದು ಗೆಳೆಯರೊಬ್ಬರು ಹೇಳಿದರು. ಮಾಡಿಬಿಡೋಣ ಎನ್ನಿಸಿತ್ತು. ಆದರೆ ಪಿಂಚಣಿ ಬಂತೇ ಎಂದು ಅಮ್ಮ ಬ್ಯಾಂಕಿನ ಪುಟ ತೆರೆಯುವುದೂ ಅದೇ ಕಂಪ್ಯೂಟರಿನಲ್ಲಿ. ಕಾವಲು ಯಾಕಿದೆ ಎಂದು ತಿಳಿಯದೆ ತೆಗೆಯುವುದು ಸರಿಯಲ್ಲ ಎನ್ನಿಸಿ ಅದರ ಚರಿತ್ರೆ ಹುಡುಕತೊಡಗಿದೆ.

1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಸಿದ್ಧಪಡಿಸಿದರು. ಓದಿಸಿಕೊಳ್ಳುತ್ತಿದ್ದ ಪುಟ ತಾನೇ ಕೆಲಸ ಮಾಡಲು ಕಲಿಯಿತು. ಜೊತೆಗೇ ಅಪಾಯವೂ ಬಂತು. ಅಮ್ಮ ಬ್ಯಾಂಕಿನ ಪುಟಕ್ಕೆ ಲಾಗಿನ್ ಆಗಿದ್ದಾಳೆ. ಪಕ್ಕದಲ್ಲೇ ಗುರುತಿಲ್ಲದ ಪುಟವೊಂದು ತೆರೆದಿದೆ ಎಂದುಕೊಳ್ಳಿ. ಆ ಪುಟ ಅವಳ ಕುಕಿಯ ಬಲದಿಂದ ಬ್ಯಾಂಕಿನ ಉತ್ತರ ತರಿಸಿ ಓದಿಬಿಟ್ಟರೆ? ಇಂಥದ್ದನ್ನು ತಡೆಯಲೆಂದೇ ನ್ಯಾವಿಗೇಟರ್‌ನ 2ನೇ ಆವೃತ್ತಿಯ ಕಾಲದಲ್ಲಿ ಒಂದು ಕಟ್ಟಳೆ ಹುಟ್ಟಿತು. ಪ್ರೋಟೋಕಾಲ್, ಹೋಸ್ಟ್, ಪೋರ್ಟ್ ಈ ಮೂರೂ ಒಂದೇ ಆಗಿದ್ದರಷ್ಟೇ ಒಂದು ಪುಟ ಇನ್ನೊಂದರ ಒಳಗನ್ನು ಓದಬಹುದು. ಇದೇ ಏಕಮೂಲ ನೀತಿ.

1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಪುಟ ಬದಲಿಸದೆಯೇ ಸರ್ವರ್‌ನಿಂದ ಮಾಹಿತಿ ತರುವ ಸೌಲಭ್ಯ ಕೊಟ್ಟಿತು. 2005ರಲ್ಲಿ ಈ ಬಗೆಯ ಕೆಲಸಕ್ಕೆ ಅಜಾಕ್ಸ್ ಎಂಬ ಹೆಸರು ಬಿತ್ತು. ಹಲವು ತಾಣಗಳ ಮಾಹಿತಿಯನ್ನು ಒಂದೇ ಪುಟದಲ್ಲಿ ಬೆರೆಸುವ ಆಸೆಯೂ ಬೆಳೆಯಿತು. ಗೋಡೆಯಲ್ಲಿ ಒಂದು ಕಿಂಡಿ ಮೊದಲಿನಿಂದಲೂ ಇತ್ತು: ಸ್ಕ್ರಿಪ್ಟ್ ಟ್ಯಾಗ್ ಯಾವ ತಾಣದ ಕೋಡನ್ನಾದರೂ ತಂದು ಓಡಿಸಬಲ್ಲದು. 2005ರ ಡಿಸೆಂಬರಿನಲ್ಲಿ ಬಾಬ್ ಇಪ್ಪೊಲಿಟೊ ಈ ಕಿಂಡಿಯನ್ನು ಬಳಸುವ ಜೆಸನ್‌ಪಿ ವಿಧಾನ ಮುಂದಿಟ್ಟರು. ಮಾಹಿತಿಯನ್ನು ಒಂದು ಫಂಕ್ಷನ್ ಕರೆಯೊಳಗೆ ಸುತ್ತಿ ಕಳಿಸಿದರೆ ಅದು ಕೋಡಾಗಿ ಒಳಗೆ ಬರುತ್ತದೆ. ಕೆಲಸವೇನೋ ಆಯಿತು. ಆದರೆ ಹಾಗೆ ಬಂದ ಕೋಡಿಗೆ ನಮ್ಮ ಪುಟದ ಮೇಲೆ ಪೂರ್ತಿ ಅಧಿಕಾರ. ಮಜ್ಜಿಗೆ ಕೇಳಲು ಹೋಗಿ ಮನೆಯ ಬೀಗದ ಕೈ ಕೊಟ್ಟು ಬಂದಂತೆ!

ಸರಿಯಾದ ಪರಿಹಾರದ ಬೀಜ ಬಿದ್ದದ್ದು ಬ್ರೌಸರ್‌ಗಳ ಲೋಕದಲ್ಲಲ್ಲ, ದೂರವಾಣಿಯ ಲೋಕದಲ್ಲಿ. 2004ರ ಮಾರ್ಚಿನಲ್ಲಿ ಟೆಲ್‌ಮಿ ನೆಟ್‌ವರ್ಕ್ಸ್ ಸಂಸ್ಥೆಯ ಮೂವರು, ಫೋನಿನಲ್ಲಿ ಮಾತಾಡುವ ಸೇವೆಗಳ ಭಾಷೆಯಾದ ವಾಯ್ಸ್‌ಎಕ್ಸ್‌ಎಂಎಲ್‌ಗಾಗಿ ಒಂದು ಸಲಹೆ ಕೊಟ್ಟರು. ಯಾರು ಓದಬಹುದೆಂದು ಮಾಹಿತಿಯ ಒಡೆಯನೇ ಹೇಳಲಿ ಎಂಬುದು ಅದರ ತಿರುಳು. ಅದು ಬೆಳೆದು 2009ರಲ್ಲಿ ಕೋರ್ಸ್ ಎಂಬ ಹೆಸರು ಪಡೆಯಿತು. 2014ರ ಜನವರಿಯಲ್ಲಿ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾಯಿತು.

ಕ್ರಮ ಸರಳ. ಕೋರಿಕೆ ಎಲ್ಲಿಂದ ಹೊರಟಿತೆಂದು ಬ್ರೌಸರ್ ಒಂದು ಸಾಲಿನಲ್ಲಿ ತಿಳಿಸುತ್ತದೆ. ಆ ತಾಣಕ್ಕೆ ಓದಲು ಕೊಡಬಹುದೆಂಬ ಸಾಲು ಉತ್ತರದ ಜೊತೆ ಬಂದರೆ ಬ್ರೌಸರ್ ಅದನ್ನು ಕೋಡಿಗೆ ಒಪ್ಪಿಸುತ್ತದೆ. ಇಲ್ಲವಾದರೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಳಿಸು, ತಿದ್ದು ಎಂಬಂಥ ಕೋರಿಕೆಗಳಿಗೆ ಮುಂಚಿತವಾಗಿಯೇ ಒಪ್ಪಿಗೆ ಕೇಳುತ್ತದೆ. ಎಲ್ಲರಿಗೂ ಮುಕ್ತ ಎಂದು ಸಾರುವ ನಕ್ಷತ್ರ ಚಿಹ್ನೆ, ಕುಕಿ ಸಮೇತ ಹೋದ ಕೋರಿಕೆಗೆ ನಡೆಯದು; ಅಲ್ಲಿ ತಾಣದ ಹೆಸರು ಹಿಡಿದೇ ಅನುಮತಿ ಕೊಡಬೇಕು.

ಇಷ್ಟು ತಿಳಿದ ಮೇಲೆ ಕಾವಲಿನ ಮೇಲಿದ್ದ ಸಿಟ್ಟು ಇಳಿಯಿತು. ನನ್ನ ಪಟ್ಟಿಯನ್ನು ತಡೆದದ್ದೂ ಅಮ್ಮನ ಲೆಕ್ಕವನ್ನು ಕಾಯುತ್ತಿದ್ದದ್ದೂ ಒಂದೇ ನಿಯಮ. ಪಟ್ಟಿ ಇಟ್ಟವರಿಗೆ ಕಾಗದ ಬರೆದು ಕೇಳಿದೆ. ವಾರದೊಳಗೆ ಅವರು ತಮ್ಮ ಸರ್ವರ್‌ನಲ್ಲಿ ಒಂದೇ ಒಂದು ಸಾಲು ಸೇರಿಸಿದರು. ಪುಸ್ತಕಗಳ ಹೆಸರುಗಳು ನನ್ನ ಪುಟದಲ್ಲಿ ಸಾಲಾಗಿ ಮೂಡಿದವು.